ನಾಯಿಗೆ ನಾಲ್ಕು ಹೊತ್ತು

ಚಂದ್ರಬಾಯಿ ಬೆಳಿಗ್ಗೆ ನೀರು ಕುಡಿಯುವುದಿಲ್ಲ. ಚಹಾ ಕೂಡ ಅರ್ಧ ಲೋಟ. ದಿವಾ ಊರಿನ ಸಾಲುಮನೆಗಳ ಚಾಳಿನ ಸಾರ್ವಜನಿಕ ಸಂಡಾಸಿನ ಮುಂದೆ ಐದು ಗಂಟೆಗೆ ಸಾಲು ನಿಂತು ಒಂದಕ್ಕೆ ಹೋಗಿ ಬಂದರೆ ಮುಗಿಯಿತು, ಇನ್ನು ಸಂಜೆ ಐದಕ್ಕೇ. ನಡುವೆ ಎರಡು ಲೋಕಲ್ ರೈಲುಗಾಡಿ, ಠಾಣೆಯಲ್ಲಿ ಪ್ಲಾಟ್‌ಫಾರ್ಮ್ ಬದಲು, ವಾಶಿಯಲ್ಲಿ ಇಪ್ಪತ್ತು ನಿಮಿಷ ನಡಿಗೆ. ಆಮೇಲೆ ಐದು ಫ್ಲ್ಯಾಟು. ಐದು ಫ್ಲ್ಯಾಟಿನಲ್ಲಿ ಏಳು ಸಂಡಾಸು. ಏಳನ್ನೂ ಆಕೆಯೇ ಕೈ ಹಾಕಿ ತಿಕ್ಕುತ್ತಾಳೆ. ಒಂದರಲ್ಲೂ ಆಕೆ ಕೂಡುವಂತಿಲ್ಲ.

ಫ್ಲ್ಯಾಟುಗಳು ಉಡುಪಿ ಕಡೆಯ ವಾರಿಜಾ ಅವರದು. ಗಂಡ ಯಜ್ಞೇಶ್ವರರಿಗೆ ಡೊಂಬಿವ್ಲಿಯಲ್ಲಿ ಹೋಟೆಲು. ಗಂಡ ಇಡ್ಲಿ ಸಾಂಬಾರು ನೋಡಿಕೊಂಡರೆ ಹೆಂಡತಿ ಈ ಮನೆಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಜನ ಫೋನಿನ ಆ್ಯಪಿನಲ್ಲೇ ಮನೆ ನೋಡಿ, ಅದರಲ್ಲೇ ಗೊತ್ತುಮಾಡಿ, ಬೀಗದ ನಂಬರು ಒತ್ತಿ ಒಳಗೆ ಬರುತ್ತಾರೆ. ಶುದ್ಧ ಸಸ್ಯಾಹಾರಿ ಕುಟುಂಬಗಳಿಗೆ ಅಂತ ಜಾಹೀರಾತು. ಪ್ರತಿ ಫ್ಲ್ಯಾಟಿನ ಹಾಲ್‌ನಲ್ಲಿ ಒಂದು ಪುಟ್ಟ ದೇವರ ಗೂಡು, ಅದರಲ್ಲಿ ಪ್ಲಾಸ್ಟಿಕ್ ದೀಪ.

ಕೆಲಸಕ್ಕೆ ಸೇರಿದ ದಿನವೇ ವಾರಿಜಾ ಹೇಳಿದ್ದರು. "ಬಾತ್‌ರೂಮು ನೀನು ಯೂಸ್ ಮಾಡ್ಲಿಕ್ಕಿಲ್ಲ ಆಯ್ತಾ? ಗೆಸ್ಟ್ ಕೂತ್ಕೊಳ್ಳುವ ಜಾಗ ಅದು. ನಾಳೆ ಯಾರಾದ್ರೂ ಕಂಪ್ಲೇಂಟ್ ಮಾಡಿದ್ರೆ ಎಂತ ಮಾಡುದು?"

ಆಕೆ ಮನೆಯಲ್ಲಿ ಒಬ್ಬಳೇ ಇರುವಾಗ ಕದ್ದು ಹೋದರೆ ಯಾರಿಗೆ ಗೊತ್ತಾಗುತ್ತದೆ ಅಂತ ನೀವು ಕೇಳಬಹುದು. ಮೊದಲ ತಿಂಗಳು ಚಂದ್ರಬಾಯಿಯೂ ಹಾಗೇ ಅಂದುಕೊಂಡಿದ್ದಳು. ಒಂದು ದಿನ ಹೋಗಿ ಬಂದು ಸೆರಗಿಗೆ ಕೈ ಒರೆಸುತ್ತಿರುವಾಗಲೇ ವಾರಿಜಾ ಬಂದರು. ನೆಟ್ಟಗೆ ಬಾತ್‌ರೂಮಿಗೆ ಹೋದರು. ಜ್ವರ ಬಂದ ಮಗುವಿನ ಹಣೆ ಮುಟ್ಟುವವರಂತೆ ಕಮೋಡಿನ ಮೇಲೆ ಅಂಗೈ ಇಟ್ಟರು. ಕೂತ ಜಾಗ ಇನ್ನೂ ಬೆಚ್ಚಗಿತ್ತು. ಕೂರುವ ಪ್ಲಾಸ್ಟಿಕ್ಕನ್ನೇ ಬಿಚ್ಚಿಸಿ ಎಸೆದು ಹೊಸದು ಹಾಕಿಸಿದರು. ಆಮೇಲೆ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಯಾರಿಗೋ ತುಳುವಿನಲ್ಲಿ ಅದನ್ನೇ ಹೇಳಿದರು. ಚಂದ್ರಬಾಯಿಗೆ ತುಳು ಬರುವುದಿಲ್ಲ. ನಡುನಡುವೆ ತನ್ನ ಹೆಸರು ಬಂದದ್ದು ತಿಳಿಯಿತು, ಕೊನೆಗೆ ನಕ್ಕದ್ದೂ ತಿಳಿಯಿತು. ಹೋಗುವಾಗ ವಾರಿಜಾ, "ಇನ್ನೊಮ್ಮೆ ಹೀಗಾದ್ರೆ ಬೇರೆ ಕೆಲ್ಸ ನೋಡ್ಕೋ" ಅಂದರು.

ಕೆಳಗೆ ಪಾರ್ಕಿಂಗಿನಲ್ಲಿ ಒಂದು ಸಂಡಾಸಿದೆ. ಕಟ್ಟಡದ ಸೊಸೈಟಿಯ ವಾಚ್‌ಮನ್ನು, ಡ್ರೈವರುಗಳದ್ದು. ದಿನಬಾಡಿಗೆ ಮನೆಗಳ ಕೆಲಸದವರು ಹೊರಗಿನವರು ಅಂತ ಕಮಿಟಿ ತೀರ್ಮಾನಿಸಿದೆ, ಅದಕ್ಕೆ ಬೀಗ. ಗೇಟು ದಾಟಿ ಸ್ಟೇಶನ್ನಿಗೆ ಹೋಗಿ ಬರೋಣವೆಂದರೆ, ದಾಟಿದ ಕೂಡಲೇ ವಾಚ್‌ಮನ್ ಗೇಟಿನ ಆ್ಯಪಿನಲ್ಲಿ ಒತ್ತುತ್ತಾನೆ, ವಾರಿಜಾರ ಫೋನು ಟಿಂಗ್ ಅನ್ನುತ್ತದೆ. ಎರಡೇ ನಿಮಿಷಕ್ಕೆ ಚಂದ್ರಬಾಯಿಯ ಫೋನು ಬಡಿದುಕೊಳ್ಳುತ್ತದೆ. ಎಲ್ಲಿಗೆ ಹೋದೆ, ಯಾಕೆ ಹೋದೆ, ಚೀಲದಲ್ಲಿ ಏನಿತ್ತು.

ಹಿಂದೆ ಘನ್ಸೋಲಿಯ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುತ್ತಿದ್ದಾಗ ಇಷ್ಟು ಕಷ್ಟವಿರಲಿಲ್ಲ. ತಲೆ ಕಾಯುತ್ತಿತ್ತು, ಸೊಂಟ ಮುರಿಯುತ್ತಿತ್ತು, ಖರೆ. ಆದರೆ ಅರ್ಧ ಎದ್ದ ಗೋಡೆಯ ಮರೆ ಇತ್ತು. ಈಗ ಸೊಂಟಕ್ಕೆ ಸುಖ, ಕಿಬ್ಬೊಟ್ಟೆಯಲ್ಲಿ ಬೆಂಕಿ. ಉರಿಮೂತ್ರಕ್ಕೆ ಸರ್ಕಾರಿ ದವಾಖಾನೆಯ ಡಾಕ್ಟರು ದಿನಕ್ಕೆ ಮೂರು ಲೀಟರ್ ನೀರು ಕುಡಿ ಅಂದಿದ್ದಾರೆ. ಗಂಡ ಮಾಪಣ್ಣ, ವಾಶಿ ಮಾರ್ಕೆಟ್ಟಿನಲ್ಲಿ ಈರುಳ್ಳಿ ಚೀಲ ಹೊರುವವನು, ಅದನ್ನು ಕೇಳಿ, "ಕುಡಿ ಮತ್ತ, ನೀರಿಗೇನು ರೊಕ್ಕನಾ?" ಅಂದ. ಗಂಡಸು, ಲಾರಿಯ ಹಿಂದೆ ನಿಂತರೆ ಅವನ ಕೆಲಸ ಮುಗಿಯುತ್ತದೆ.

ಹೀಗಿರುವಾಗ ಮೂರನೇ ಮಹಡಿಯ ಮನೆಗೆ ನಾಯಿ ಬಂತು.

ಬರುವ ಹಿಂದಿನ ದಿನ ವಾರಿಜಾರೇ ಫೋನು ಮಾಡಿದರು. "ಚಂದ್ರಬಾಯಿ, ಊಟ ಆಯ್ತಾ ನಿಮ್ದು?"

ಚಂದ್ರಬಾಯಿ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದಳು. ಎರಡು ವರ್ಷದಲ್ಲಿ ಮೊದಲ ಸಲ ‘ನೀವು’. ಬಹುವಚನ ಪುಕ್ಕಟೆ ಬರುವುದಿಲ್ಲ ಅನ್ನುವುದು ಆಕೆಗೆ ಗೊತ್ತಿತ್ತು.

"ನೋಡಿ, ನಾಳೆ ಬೆಂಗಳೂರಿಂದ ಒಂದು ಹುಡುಗಿ ಬರ್ತಾಳೆ, ಅನಘ ಅಂತ. ಕಣ್ಣು ಕಾಣುದಿಲ್ಲವಂತೆ. ಬ್ಯಾಂಕಿನ ಟ್ರೇನಿಂಗ್, ಇಪ್ಪತ್ತು ದಿವಸ. ಒಟ್ಟಿಗೆ ನಾಯಿ. ದಾರಿ ತೋರಿಸ್ಲಿಕ್ಕೆ ಕಲಿಸಿದ ನಾಯಿಯಂತೆ. ಬೇಡ ಅನ್ಲಿಕ್ಕೆ ಆ್ಯಪಿನವರು ಬಿಡುದಿಲ್ಲ ಮಾರಾಯ್ತಿ. ಹೋದ ವರ್ಷ ಒಬ್ಬರಿಗೆ ಬೇಡ ಅಂದದ್ದಕ್ಕೆ ನನ್ನ ಐದೂ ಮನೆ ಒಂದು ವಾರ ಅದ್ರಲ್ಲಿ ಕಾಣ್ಲೇ ಇಲ್ಲ. ನಮ್ಮವರು ಬಂದು ಉಳ್ಕೊಳ್ಳುವ ಮನೆ. ನಾಯಿ ಇತ್ತು ಅಂತ ಗೊತ್ತಾದ್ರೆ ಮತ್ತೆ ಯಾರು ಬರ್ತಾರೆ?"

"ನಾ ಏನ್ ಮಾಡ್ಬೇಕ್ರಿ ಅಕ್ಕೋರೆ?"

"ನಾಯಿ ಒಳಗೆ ಗಲೀಜು ಮಾಡಿದ್ರೆ ಮಾತ್ರ ಕಳಿಸ್ಬಹುದು. ಹಾಗೆ ರೂಲ್ ಉಂಟು. ನೀವು ದಿನಾ ನೋಡ್ಬೇಕು. ಕಾರ್ಪೆಟ್ಟು, ಗಾದಿ, ಮೂಲೆ. ಗಾದಿ ಎತ್ತಿ ಕೆಳಗೂ ನೋಡಿ. ಒಂದು ಹನಿ ಕಂಡ್ರೂ ನನಗೆ ಫೋಟೋ."

ಮರುದಿನದಿಂದ ಚಂದ್ರಬಾಯಿಯೇ ಮೂಸುವವಳಾದಳು. ಮೊಣಕಾಲೂರಿ, ಅಂಗೈ ಊರಿ, ಕಾರ್ಪೆಟ್ಟಿಗೆ ಮೂಗು ಹಚ್ಚಿ ಮೂಸಿದಳು. ಸೋಫಾದ ಸಂದಿ ಮೂಸಿದಳು. ಪರದೆಯ ಅಂಚು ಮೂಸಿದಳು. ಆಳುದ್ದದ ಗಾದಿಯನ್ನು ಒಬ್ಬಳೇ ಒಂದು ಪಕ್ಕ ಎತ್ತಿ ಹೆಗಲ ಮೇಲೆ ಹೊತ್ತು, ಬಗ್ಗಿ ಕೆಳಗೆ ಹುಡುಕಿದಳು. ಏನೂ ಇಲ್ಲ. ಬಾಗಿಲ ಬಳಿ ನಾಲ್ಕು ಬಿಳಿ ಕೂದಲು, ಅಷ್ಟೇ. ಹಿಂದಿನ ವಾರ ಉಳಿದಿದ್ದ ಮದುವೆ ಪಾರ್ಟಿಯವರು ಗೋಡೆಯ ತುಂಬ ಅರಿಶಿನ ಹಚ್ಚಿ, ಸಿಂಕಿನಲ್ಲಿ ವಾಂತಿ ಮಾಡಿ ಹೋಗಿದ್ದರು. ಅವರ ಬಗ್ಗೆ ವಾರಿಜಾ ಫೋಟೋ ಕೇಳಿರಲಿಲ್ಲ.

ಆ ಹುಡುಗಿಯ ಮೇಲೂ ಚಂದ್ರಬಾಯಿಗೆ ಸಂಶಯವೇ. ಕುರುಡಿಯಂತೆ, ಆದರೆ ಕೈಯಲ್ಲಿ ಗಡಿಯಾರ. ಫೋನಿನಲ್ಲಿ ಬೆರಳು ಪಟಪಟ ಓಡುತ್ತದೆ. ಒಂದು ಮಧ್ಯಾಹ್ನ ಬೇಗ ಬಂದಳು. ನಾಯಿ ಮುಂದೆ, ಅದರ ಎದೆಪಟ್ಟಿಯ ಹಿಡಿಕೆ ಇವಳ ಕೈಯಲ್ಲಿ. ಚಂದ್ರಬಾಯಿ ಪರೀಕ್ಷೆ ಮಾಡೋಣವೆಂದು ಉಸಿರು ಬಿಗಿಹಿಡಿದು ಗೋಡೆಗೆ ಅಂಟಿ ನಿಂತಳು.

"ಕ್ಲೀನಿಂಗ್ ಅಮ್ಮ ಇದೀರಾ? ಫಿನಾಯಿಲ್ ವಾಸನೆ ಬಂತು," ಅಂದ ಹುಡುಗಿ ಗೋಡೆ ತಡವಿ ದೀಪ ಹಾಕಿದಳು.

"ಕಣ್ ಕಾಣಂಗಿಲ್ಲ ಅಂತೀರಿ, ಲೈಟ್ ಯಾಕ್ ಹಾಕಿದ್ರಿ ಮತ್ತ?"

"ನನಗಲ್ಲಮ್ಮ, ನಿಮಗೆ," ಅಂದು ನಕ್ಕಳು ಅನಘ.

ಚಂದ್ರಬಾಯಿ ನಗಲಿಲ್ಲ. ಇಷ್ಟು ಚುರುಕಾದವಳು ತನ್ನ ಮೇಲೆ ಕಣ್ಣಿಡಲೆಂದೇ ಬಂದಿರಬಹುದು ಅನ್ನಿಸಿತು. ವಾರಿಜಾ ನಾಯಿಯನ್ನು ನೋಡಲು ನನ್ನನ್ನು ಬಿಟ್ಟಿದ್ದಾರೆ, ನನ್ನನ್ನು ನೋಡಲು ಇವಳನ್ನು ಬಿಟ್ಟಿರಲಿಕ್ಕಿಲ್ಲ ಅಂತ ಹೇಗೆ ಹೇಳುವುದು?

ನಾಯಿಯ ಹೆಸರು ಚುಕ್ಕಿ. ಭಾನುವಾರ ಕಸ ಹಾಕಲು ಕೆಳಗಿಳಿದಾಗ ಚಂದ್ರಬಾಯಿ ನೋಡಿದಳು. ಹಿಂದಿನ ಗೇಟಿನ ಬಳಿ ಸೊಸೈಟಿಯವರು ನಾಯಿಗಳಿಗೆಂದೇ ಮರಳು ಹಾಸಿ, ಸುತ್ತ ಗಿಡ ನೆಟ್ಟು, ನಲ್ಲಿ ಕೂಡಿಸಿ, ಬೋರ್ಡು ಹಾಕಿದ್ದಾರೆ. ಅನಘ ಅಲ್ಲಿ ನಿಂತು, "ಹೂಂ, ಮಾಡು ಚುಕ್ಕಿ" ಅಂದಳು. ಚುಕ್ಕಿ ಎರಡು ಸುತ್ತು ಸುತ್ತಿ ಕೂತಿತು. ಅವಸರವಿಲ್ಲ. ಯಾರೂ ಬೈಯಲಿಲ್ಲ. ಮುಗಿದ ಮೇಲೆ ಅನಘ ಅದರ ಬೆನ್ನು ತಟ್ಟಿ, "ಜಾಣೆ" ಅಂತ ಹೊಗಳಿದಳು.

ವಾಚ್‌ಮನ್ ಸುನಿಲ ಪಕ್ಕದಲ್ಲಿ ನಿಂತು ನಗುತ್ತಿದ್ದ. "ಮೌಶಿ, ಕುತ್ತೇ ಕಾ ಟಾಯಮ್ ಏಕ್‌ದಮ್ ಫಿಕ್ಸ್ ಹೈ. ದಿನ್ ಮೇ ಚಾರ್ ಬಾರ್."

ದಿನಕ್ಕೆ ನಾಲ್ಕು ಹೊತ್ತು. ಚಂದ್ರಬಾಯಿ ಕಸದ ಚೀಲ ಹಿಡಿದು ಆ ಮರಳನ್ನೇ ನೋಡುತ್ತ ನಿಂತಳು. ಆಕೆಗೆ ನಾಯಿಯ ಮೇಲೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ, ನಾಯಿಯ ಮೇಲೆಯೇ ಆಯಿತು. ಆಗಿನ್ನೂ ಬೇರೆ ಯಾರ ಮೇಲೆ ಸಿಟ್ಟಾಗಬೇಕು ಅನ್ನುವುದು ತೋಚಿರಲಿಲ್ಲ.

ಅವತ್ತೇ ಮೇಲೆ ಬಂದಾಗ ಅನಘ ಕೇಳಿದಳು. "ಅಮ್ಮ, ನೀವು ಬೆಳಗ್ಗೆಯಿಂದ ಇಲ್ಲೇ ಇದೀರಲ್ಲ, ಬಾತ್‌ರೂಮಿಗೆ ಎಲ್ಲಿಗೆ ಹೋಗ್ತೀರ?"

ನೆಲ ಒರೆಸುವ ಪೋಚಾ ಹಿಂಡುತ್ತಿದ್ದ ಕೈ ನಿಂತಿತು. "ಯಾಕ್ರೀ ಕೇಳ್ತೀರಿ?"

"ಸುಮ್ನೆ. ಬೇಕಾದ್ರೆ ಇಲ್ಲೇ ಹೋಗಿ. ನಾನೇನೂ ಅಂದ್ಕೊಳ್ಳಲ್ಲ."

"ಬ್ಯಾಡ್ರಿ. ನಮಗ ರೂಢಿ ಅದ."

ಬಲೆ ಇದು ಅಂದುಕೊಂಡಳು ಚಂದ್ರಬಾಯಿ. ನಾನು ಒಳಗೆ ಹೋದ ಕೂಡಲೇ ಅಲ್ಲಿ ವಾರಿಜಾರ ಫೋನು ಟಿಂಗ್ ಅನ್ನುತ್ತದೆ. ಖರೇ ಹೇಳಬೇಕೆಂದರೆ ಆ ಹುಡುಗಿಯ ದನಿಯಲ್ಲಿ ಕಪಟವಿರಲಿಲ್ಲ. ಆದರೆ ಬೆಚ್ಚಗಿನ ಕಮೋಡಿನ ಮೇಲೆ ಅಂಗೈ ಇಟ್ಟವರನ್ನು ಒಮ್ಮೆ ಕಂಡ ಮೇಲೆ ದನಿ ನಂಬುವುದು ಹೇಗೆ?

ಒಂಬತ್ತನೆಯ ದಿನ, ಮಂಗಳವಾರ, ಠಾಣೆ-ವಾಶಿ ಗಾಡಿಗಳು ತಡವಾದವು. ಹೆಂಗಸರ ಡಬ್ಬಿಯಲ್ಲಿ ಒಂದೂವರೆ ತಾಸು ಒಂಟಿಕಾಲಿನಲ್ಲಿ ನಿಂತು ವಾಶಿಗೆ ಬಂದಾಗ ಹತ್ತಾಗಿತ್ತು. ತಡವಾಯಿತೆಂದು ಓಡಿದಳು. ಕೆಳಗಿನ ಎರಡು ಮನೆ ಮುಗಿಸಿ ಮೂರನೇ ಮಹಡಿಗೆ ಬಂದಾಗ ಒಂದು ಗಂಟೆ. ಕಿಬ್ಬೊಟ್ಟೆ ಕಲ್ಲಾಗಿತ್ತು. ಅನಘ ನಾಯಿಯೊಂದಿಗೆ ಟ್ರೇನಿಂಗಿಗೆ ಹೋಗಿದ್ದಳು. ಚಂದ್ರಬಾಯಿ ಕಾರ್ಪೆಟ್ಟು ಮೂಸಿದಳು. ಸೋಫಾ ಮೂಸಿದಳು. ಕೊನೆಗೆ ಗಾದಿಯ ಅಂಚಿಗೆ ಎರಡೂ ಕೈ ಕೊಟ್ಟು, ಹಲ್ಲು ಕಚ್ಚಿ ಎತ್ತಿದಳು.

ಒಳಗೆ ಏನೋ ಸಡಿಲಾಯಿತು.

ಮೊದಲು ಬಿಸಿ. ಆಮೇಲೆ ತೊಡೆ, ಮೊಣಕಾಲು, ಹಿಮ್ಮಡಿ. ಬಾತ್‌ರೂಮಿನ ಬಾಗಿಲು ಮೂರೇ ಹೆಜ್ಜೆ ದೂರದಲ್ಲಿ ತೆರೆದೇ ಇತ್ತು. ಆಕೆಯ ಕಾಲು ಆ ಕಡೆ ತಿರುಗಲಿಲ್ಲ. ಹೆಗಲ ಮೇಲೆ ಗಾದಿ ಹೊತ್ತು, ತಡೆಯಲೂ ಆಗದೆ, ಬಿಡಲೂ ಆಗದೆ, ಐವತ್ತರ ಹತ್ತಿರದ ಹೆಂಗಸು ಕಾರ್ಪೆಟ್ಟಿನ ಮೇಲೆ ನಿಂತಲ್ಲೇ ಉಚ್ಚೆ ಹೊಯ್ದಳು. ಕಣ್ಣಲ್ಲಿ ನೀರು ಬಂತು. ನಾಚಿಕೆಗಲ್ಲ, ಉರಿಗೆ. ನಾಚಿಕೆ ಆಮೇಲೆ ಬಂತು.

ಗಾದಿ ಇಳಿಸಿದಳು. ಬಕೆಟ್ಟು, ಸೋಪಿನ ಪುಡಿ, ಬ್ರಶ್ಶು. ತಿಕ್ಕಿದಳು, ಹಿಂಡಿದಳು, ಮತ್ತೆ ತಿಕ್ಕಿದಳು. ಸೀರೆಯ ನೆರಿಗೆ ಒದ್ದೆಯಾಗಿ ಕಾಲಿಗೆ ಅಂಟಿತ್ತು. ಕಾರ್ಪೆಟ್ಟಿನ ಮೇಲೆ ತಟ್ಟೆಯಗಲದ ಕಲೆ ಹೋಗಲೇ ಇಲ್ಲ. ಆಕೆ ಇನ್ನೂ ನೆಲದ ಮೇಲೆಯೇ ಇದ್ದಾಗ ಬಾಗಿಲ ಬೀಗ ಬೀಪ್ ಅಂದಿತು. ವಾರಿಜಾ.

ಅವರು ಮೂಗು ಮುಂದೆ ಮಾಡಿಕೊಂಡೇ ಒಳಗೆ ಬಂದರು. ಕಾರ್ಪೆಟ್ಟು ನೋಡಿದರು. ಅವರ ಮುಖ ಅರಳಿದ್ದನ್ನು ಚಂದ್ರಬಾಯಿ ಕಣ್ಣಾರೆ ಕಂಡಳು.

"ಮಾಡಿತಾ? ಮಾಡ್ತದೆ ಅಂತ ನಂಗೆ ಗೊತ್ತಿತ್ತು. ಎಷ್ಟು ದಿವಸ ತಡ್ಕೊಳ್ತದೆ? ನೀವ್ಯಾಕೆ ತೊಳೀಲಿಕ್ಕೆ ಹೋದ್ರಿ ಚಂದ್ರಬಾಯಿ, ಮೊದ್ಲು ಫೋಟೋ ತೆಗೀಬೇಕಲ್ವಾ? ಇರ್ಲಿ, ಕಲೆ ಉಂಟಲ್ಲ."

ನಾಯಿಗೆ ಬಾಯಿಲ್ಲ, ಅನ್ನಿಸಿತು ಚಂದ್ರಬಾಯಿಗೆ. ಇದನ್ನು ನಾಯಿಯ ತಲೆಗೆ ಕಟ್ಟಿದರೆ ಯಾರಿಗೂ ತಿಳಿಯುವುದಿಲ್ಲ, ಕೆಲಸ ಉಳಿಯುತ್ತದೆ. ಅದನ್ನು ಯೋಚಿಸಿದಳು. ಬಡವರು ಅಂಥದ್ದು ಯೋಚಿಸುವುದಿಲ್ಲ ಅಂತ ಯಾರಾದರೂ ಬರೆದರೆ ನಂಬಬೇಡಿ.

ವಾರಿಜಾ ಫೋನು ಮಾಡಿದ ಅರ್ಧ ತಾಸಿಗೆ ಅನಘ ಬಂದಳು. ಆಟೋದಿಂದ ಇಳಿದು ಓಡಿ ಬಂದಿರಬೇಕು, ಏದುಸಿರು ಬಿಡುತ್ತಿದ್ದಳು.

"ಸಂಜೆಯೊಳಗೆ ಖಾಲಿ ಮಾಡ್ಬೇಕು ನೀವು. ಬೆಳಿಗ್ಗೆ ನಿಮ್ಮ ನಾಯಿ ಕಾರ್ಪೆಟ್ಟಲ್ಲಿ ಮಾಡಿದೆ," ಅಂದರು ವಾರಿಜಾ.

"ಚುಕ್ಕಿ ಏಳು ಗಂಟೆಗೇ ಕೆಳಗೆ ಹೋಗಿದ್ಲು ಮೇಡಂ. ಒಂಬತ್ತರಿಂದ ನನ್ನ ಜೊತೆಲೇ ಇದ್ದಾಳೆ."

"ಹಾಗಾದ್ರೆ ಈ ಕಲೆ ಎಲ್ಲಿಂದ ಬಂತು? ಆಕಾಶದಿಂದ ಬಿತ್ತಾ?"

ಅನಘ ಕೆಳಗೆ ಕೂತು ಕಾರ್ಪೆಟ್ಟು ತಡವಿದಳು. ಒದ್ದೆ ಬೆರಳನ್ನು ಮೂಗಿನ ಬಳಿ ತಂದಳು. ಅಲ್ಲಿಯವರೆಗೆ ಗಾಬರಿಯಿಂದ ಬಿಗಿದಿದ್ದ ಅವಳ ಮುಖ ನಿಧಾನಕ್ಕೆ ಬೇರೆಯಾಯಿತು. "ಇದು ಚುಕ್ಕಿದಲ್ಲ," ಅಂದಳು ಮೆಲ್ಲಗೆ.

"ಮತ್ತೆ ಯಾರದ್ದು? ನನ್ನದಾ?"

ಅಷ್ಟರಲ್ಲಿ ಚುಕ್ಕಿ ಕಲೆಯನ್ನು ಮೂಸಿ, ನೆಟ್ಟಗೆ ಚಂದ್ರಬಾಯಿಯ ಬಳಿ ಬಂದು, ಆಕೆಯ ಒದ್ದೆ ನೆರಿಗೆಯ ಹತ್ತಿರ ಮೂಗು ತಂದು ನಿಂತಿತು. ಎದೆಪಟ್ಟಿಯ ಹಿಡಿಕೆ ಅನಘಳ ಕೈಯಲ್ಲೇ ಇತ್ತು. ನಾಯಿ ಎಲ್ಲಿ ಹೋಗಿ ನಿಂತಿತು ಅನ್ನುವುದು ಅವಳಿಗೆ ತಿಳಿಯಿತು. ಫಿನಾಯಿಲ್ ವಾಸನೆಯಿಂದಲೇ ಆಳು ಗುರುತಿಸುವವಳಿಗೆ ಉಳಿದದ್ದು ತಿಳಿಯದೆ ಇರುತ್ತದೆಯೇ?

"ಹೇಳಿ, ಯಾರದ್ದು?" ವಾರಿಜಾ ಮತ್ತೆ ಕೇಳಿದರು.

"ನನಗೆ ಗೊತ್ತಿಲ್ಲ," ಅಂದಳು ಅನಘ.

ಅದು ಸುಳ್ಳು ಅಂತ ಚಂದ್ರಬಾಯಿಗೆ ತಿಳಿಯಿತು. ಇವಳಿಗೆ ಗೊತ್ತು. ಗೊತ್ತಿದ್ದೂ ಯಾಕೆ ಹೇಳುತ್ತಿಲ್ಲ? ಆಮೇಲೆ ನನ್ನಿಂದ ಏನು ಕೇಳುತ್ತಾಳೆ?

"ಮೇಡಂ, ಆ್ಯಪಲ್ಲಿ ಒಂದು ಸಲ ನಾಯಿ ಗಲೀಜು ಮಾಡಿದೆ ಅಂತ ಬಿದ್ರೆ ಮುಂದೆ ಯಾವ ಊರಲ್ಲೂ ನಂಗೆ ಮನೆ ಸಿಗಲ್ಲ," ಅಂದಳು ಅನಘ. "ಚುಕ್ಕಿಗೆ ಕಲಿಸಿದ ಸಂಸ್ಥೆಯವರು ಅವಳನ್ನ ವಾಪಸ್ ತಗೊಂಡ್ಬಿಡಬಹುದು. ಅವಳಿಲ್ದೆ ನಾನು ಕೆಲಸಕ್ಕೆ ಹೋಗೋದು ಹೇಗೆ? ದಯವಿಟ್ಟು ಹಾಗೆ ಬರೀಬೇಡಿ."

"ಅದೆಲ್ಲ ನನಗ್ಯಾಕೆ? ಉಚ್ಚೆ ತಡ್ಕೊಳ್ಲಿಕ್ಕೆ ಬಾರದ ಪ್ರಾಣಿಯನ್ನು ಮನೆಯೊಳಗೆ ತರ್ತಾರಾ ಯಾರಾದ್ರೂ? ನಾಚಿಕೆ ಬೇಡ್ವಾ? ಹೇಸಿಗೆ! ಮನುಷ್ಯರು ಇರುವ ಜಾಗ ಇದು. ಇಂಥದ್ದನ್ನೆಲ್ಲ ಹೊರಗೆ ಕಟ್ಟಿ ಹಾಕ್ಬೇಕು."

ನಾಯಿ ಬಾಲ ಅಲ್ಲಾಡಿಸುತ್ತ ನಿಂತಿತ್ತು. ಅದಕ್ಕೆ ಒಂದು ಮಾತೂ ತಾಗಲಿಲ್ಲ. ಒಂದೊಂದೂ ಚಂದ್ರಬಾಯಿಯ ಬೆನ್ನ ಮೇಲೆ ಬಿತ್ತು. ತಡೆದುಕೊಳ್ಳಲು ಬಾರದ ಪ್ರಾಣಿ. ಹೇಸಿಗೆ. ಹೊರಗೆ ಕಟ್ಟಿ ಹಾಕಬೇಕು. ಬೆಳಿಗ್ಗೆ ಐದರಿಂದ ಮಧ್ಯಾಹ್ನ ಒಂದರವರೆಗೆ ತಡೆದುಕೊಂಡವಳು ತಾನು. ಎರಡು ವರ್ಷ ತಡೆದುಕೊಂಡವಳು.

ವಾರಿಜಾ ಫೋನು ಎತ್ತಿ ಚಂದ್ರಬಾಯಿಯ ಮುಖಕ್ಕೆ ಹಿಡಿದರು. "ಚಂದ್ರಬಾಯಿ, ನೀವು ಇಲ್ಲಿ ಕೆಲ್ಸ ಮಾಡುವವರು. ಬೆಳಿಗ್ಗೆ ಬಂದಾಗ ನಾಯಿಯ ಉಚ್ಚೆ ಇತ್ತು, ನಾನೇ ತೊಳೆದೆ ಅಂತ ಹೇಳಿ. ಅಷ್ಟೇ ಸಾಕು. ಹೂಂ, ವಿಡಿಯೋ ಆನ್ ಉಂಟು."

ಫೋನಿನಲ್ಲಿ ಕೆಂಪು ಬೊಟ್ಟು ಮಿನುಗುತ್ತಿತ್ತು. ಚಂದ್ರಬಾಯಿ ಸೆರಗು ಸರಿ ಮಾಡಿಕೊಂಡಳು.

"ನನ್ನ ಹೆಸರು ಚಂದ್ರಬಾಯಿ. ಊರು ಕಲಬುರಗಿ ಕಡೆ. ಈಗ ಇರೋದು ದಿವಾದಾಗ. ಇದು ನಾಯೀದಲ್ರಿ. ನಂದು."

ವಾರಿಜಾ ನಕ್ಕರು. ಕೇಳಿದ್ದು ತಪ್ಪೇನೋ ಅನ್ನುವಂತೆ. "ಎಂತ ಹೇಳ್ತಿ ನೀನು?"

"ಉಚ್ಚಿ ನಂದ್ರಿ. ಇಕಾ ನೋಡ್ರಿ, ಸೀರಿ ಹಸಿ ಅದ. ಮುಂಜಾನೆ ಐದಕ್ಕ ಹೋದಾಕಿ ನಾ. ಮಧ್ಯಾಹ್ನ ಒಂದಕ್ಕ ಗಾದಿ ಎತ್ತಿದೆ, ನಾಯಿ ಏನರ ಮಾಡ್ಯಾದೇನು ಅಂತ ನೋಡ್ಲಾಕ. ನಾಯಿ ಏನೂ ಮಾಡಿದ್ದಿಲ್ಲ. ನಾ ಮಾಡ್ದೆ. ನೀವು ಎತ್ತು ಅಂದ್ರಿ, ಎತ್ತಿದೆ. ಸಂಡಾಸಕ ಹೋಗಬ್ಯಾಡ ಅಂದ್ರಿ, ಹೋಗಲಿಲ್ಲ."

"ಛೀ! ಛೀ!" ವಾರಿಜಾ ಫೋನು ಕೆಳಗಿಳಿಸಿದರು.

"ವಿಡಿಯೋ ಬಂದ್ ಮಾಡಬ್ಯಾಡ್ರಿ. ಇನ್ನಾ ಹೇಳೋದದ. ಏಳು ಸಂಡಾಸ ತಿಕ್ಕತೀನಿ ನಾ. ಈ ಕೈಲೆ. ನಿಮ್ಮ ಗೆಸ್ಟ್ ಮಂದಿ ಬಿಟ್ಟುಹೋಗಿದ್ದೆಲ್ಲಾ ತಿಕ್ಕತೀನಿ. ನನ್ನ ಕೈ ಆಗ್ತದ, ನನ್ನ ಕುಂಡಿ ಆಗಂಗಿಲ್ಲ? ಕೆಳಗ ನಾಯಿಗೆ ಮರಳ ಹಾಕ್ಯಾರ, ನಲ್ಲಿ ಕೊಟ್ಟಾರ. ದಿನಕ್ಕ ನಾಲ್ಕು ಹೊತ್ತು. ಕೊಡ್ಲಿ, ಅದಕ್ಕೂ ಜೀವ ಅದ. ನನಗೇನದ? ಹೇಳ್ರಿ, ನನಗೇನದ?"

"ಹೊರಗೆ ಹೋಗು. ಈಗ್ಲೇ ಹೋಗು ನೀನು. ಎಲ್ಲ ಓನರುಗಳ ಗ್ರೂಪಿಗೆ ಹಾಕ್ತೇನೆ ನಿನ್ನ ಹೆಸರು. ವಾಶಿಯಲ್ಲಿ ಯಾರು ನಿನ್ನನ್ನು ಇಟ್ಕೊಳ್ತಾರೆ ನೋಡ್ತೇನೆ."

"ಹಾಕ್ರಿ. ಹೆಸರು ಹಾಕ್ರಿ, ವಿಡಿಯೋನೂ ಹಾಕ್ರಿ. ಎಲ್ಲಾ ಬಾಯೋರೂ ನೋಡ್ಲಿ, ಅವರ ಮನಿ ತಿಕ್ಕೋರೂ ನೋಡ್ಲಿ."

ವಾರಿಜಾರ ಹೆಬ್ಬೆರಳು ಫೋನಿನ ಮೇಲೆ ಓಡಿತು. ವಿಡಿಯೋ ಅಳಿಸಿದರು. ಅಳಿಸಿದ ಮೇಲೆ ಸ್ವಲ್ಪ ಉಸಿರು ಬಂತು ಅವರಿಗೆ.

"ಮೇಡಂ," ಅಂದಳು ಅನಘ. ಅವಳಿನ್ನೂ ನೆಲದ ಮೇಲೆಯೇ ಕೂತಿದ್ದಳು. "ನನ್ನ ಫೋನಲ್ಲಿ ಎಲ್ಲ ರೆಕಾರ್ಡ್ ಆಗಿದೆ. ಚುಕ್ಕಿ ಇದ್ದಾಳೆ ಅಂತಲೇ ಏಳು ಮನೆಯಿಂದ ಹೊರಗೆ ಹಾಕಿಸ್ಕೊಂಡಿದೀನಿ ನಾನು. ಓನರ್ ಕರೆದ್ರು ಅಂದ್ರೆ ಬಾಗಿಲಲ್ಲೇ ಆನ್ ಮಾಡ್ಕೊಂಡು ಬರ್ತೀನಿ. ಇನ್ನು ಚುಕ್ಕಿ ಹೆಸರಲ್ಲಿ ನೀವು ಏನೂ ಬರೆಯೋ ಹಾಗಿಲ್ಲ."

ಇವಳೂ ಕದ್ದು ಮಾತು ಹಿಡಿಯುವವಳೇ, ಅಂದುಕೊಂಡಳು ಚಂದ್ರಬಾಯಿ. ಅದಕ್ಕೂ ಸಿಟ್ಟು ಬಂತು.

ಅನಘ ಆಕೆಯ ಕಡೆ ಮುಖ ತಿರುಗಿಸಿದಳು. "ಅಮ್ಮ, ನಾನು ಅವತ್ತೇ ಹೇಳಿದ್ನಲ್ಲ, ಇಲ್ಲೇ ಹೋಗಿ ಅಂತ."

"ನೀವು ಹೇಳಿದ್ರಿ. ಮನಿ ನಿಮ್ಮದಲ್ಲ. ನೀವು ಹನ್ನೊಂದು ದಿನಕ್ಕ ಬೆಂಗಳೂರಿಗಿ ಹೋಗ್ತೀರಿ. ನಾ ಇಲ್ಲೇ ಇರಾಕಿ."

ಅನಘ, "ಹೌದು," ಅಂದಳು.

ವಾರಿಜಾ ಬಾಗಿಲು ತೆರೆದು ಹೊರಗೆ ಬೆರಳು ತೋರಿಸುತ್ತ ನಿಂತರು. ಚಂದ್ರಬಾಯಿ ಮೂಲೆಯಲ್ಲಿದ್ದ ತನ್ನ ಚೀಲ ಎತ್ತಿಕೊಂಡಳು. ಬಾಗಿಲ ಕಡೆ ನಾಲ್ಕು ಹೆಜ್ಜೆ ಇಟ್ಟಳು. ನಿಂತಳು. ಕಿಬ್ಬೊಟ್ಟೆಯಲ್ಲಿ ಇನ್ನೂ ಉಳಿದಿತ್ತು, ಅರ್ಧಕ್ಕೇ ತಡೆದು ಹಿಡಿದದ್ದು. ಇಲ್ಲಿಂದ ದಿವಾಕ್ಕೆ ಎರಡು ಗಾಡಿ.

ಆಕೆ ತಿರುಗಿದಳು. ಚೀಲವನ್ನು ವಾರಿಜಾರ ಸೋಫಾದ ಮೇಲೆ ಇಟ್ಟಳು. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಚಿಲಕ ಜಡಿದಳು. ಬೆಳ್ಳಗೆ ಹೊಳೆಯುತ್ತಿತ್ತು ಒಳಗೆಲ್ಲ. ನಿನ್ನೆ ತಾನೇ ತಿಕ್ಕಿದ್ದು. ಸೀರೆ ಎತ್ತಿ ಪೂರ್ತಿ ಭಾರ ಬಿಟ್ಟು ಕೂತಳು. ಮೊದಮೊದಲು ಬರಲೇ ಇಲ್ಲ. ಮೈ ನಂಬಲಿಲ್ಲ. ಆಮೇಲೆ ಉರಿಯುತ್ತ ಒಂದೊಂದೇ ಹನಿ ಬಂತು.

ಹೊರಗೆ ವಾರಿಜಾ ಬಾಗಿಲು ಬಡಿಯುತ್ತಿದ್ದರು. ಬಳೆ ಒಡೆಯುವ ಹಾಗೆ ಬಡಿಯುತ್ತಿದ್ದರು. "ಯಾರನ್ನು ಕೇಳಿ ಒಳಗೆ ಹೋದೆ ನೀನು? ಹೊರಗೆ ಬಾ! ಬರ್ತೀಯೋ ಇಲ್ವೋ?"

"ತಡೀರಿ," ಅಂದಳು ಚಂದ್ರಬಾಯಿ ಒಳಗಿನಿಂದ. "ಇನ್ನಾ ಆಗಿಲ್ಲ."